ಎರಡು ಬಗೆಯ ಕಾಗದ: ಭಾಗ್ಯನಗರದಿಂದ ಕಲಾ ಕಾಲೇಜಿಗೆ ಹೊರಟ ಒಂದು ಮನೆಯ ಪ್ರಕರಣ

ಏಪ್ರಿಲ್ ಮೂರನೇ ವಾರ. ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರದಲ್ಲಿ ಒಂದು ನೇಕಾರರ ಮನೆ. ತಂದೆ ಪವರ್‌ಲೂಮ್‌ನಲ್ಲಿ ಕೂಲಿ ನೇಯ್ಗೆ ಮಾಡುತ್ತಾರೆ, ತಾಯಿ ಸೀರೆಗೆ ಕುಚ್ಚು ಕಟ್ಟುತ್ತಾರೆ. ದ್ವಿತೀಯ ಪಿಯುಸಿ ಕಲಾ ವಿಭಾಗ ಮುಗಿಸಿದ ಮಗಳು ಬಿ.ವಿ.ಎ., ಅಂದರೆ ಚಿತ್ರ-ಶಿಲ್ಪ ಕಲಿಸುವ ದೃಶ್ಯಕಲಾ ಪದವಿ, ಓದುತ್ತೇನೆ ಎಂದಳು. ಒಂಬತ್ತನೇ ತರಗತಿಯಲ್ಲಿ ಡ್ರಾಯಿಂಗ್ ಲೋವರ್ ಗ್ರೇಡ್ ಪಾಸಾಗಿದ್ದಾಳೆ, ಹೈಯರ್ ಗ್ರೇಡ್ ಕಟ್ಟಿಲ್ಲ. ‘ಚಿತ್ರ ಬರದ್ರ ಹೊಟ್ಟಿ ತುಂಬತೈತೇನು?’ ಎಂದು ಸೋದರಮಾವ ಕೇಳಿದ. ತಂದೆ ಎರಡು ದಿನ ಮಾತಾಡಲಿಲ್ಲ, ಮೂರನೇ ದಿನ ಹೂಂ ಅಂದರು. ಚೀಟಿ ಎತ್ತಿದ 45,000 ರೂಪಾಯಿ ಕೈಯಲ್ಲಿತ್ತು. ಮರುದಿನವೇ ಹುಬ್ಬಳ್ಳಿಗೆ ಹೋಗಿ 7,400 ರೂಪಾಯಿಯ ಸಾಮಾನು ತಂದರು.

ಈ ಪ್ರಕರಣದಲ್ಲಿ ನೋಡಬೇಕಾದದ್ದು ಆ 7,400ರಿಂದಲೇ ಶುರುವಾಗುತ್ತದೆ. ಮಗುವನ್ನು ಕಲಾ ಕಾಲೇಜಿಗೆ ಕಳಿಸುವ ತಯಾರಿ ಎಂದರೆ ಬಣ್ಣದ ಡಬ್ಬಿ ಎಂದು ಹೆಚ್ಚಿನ ಮನೆಗಳು ತಿಳಿಯುತ್ತವೆ. ಅಸಲಿಗೆ ಕೆಲಸ ಕೆಡುವುದು ಎರಡು ಬಗೆಯ ಕಾಗದದಲ್ಲಿ: ಕಚೇರಿಯ ಕಾಗದ, ಮತ್ತು ಚಿತ್ರ ಬರೆಯುವ ಕಾಗದ. ಮೊದಲನೆಯದು ಹೊತ್ತಿಗೆ ಸಿಗುವುದಿಲ್ಲ, ಎರಡನೆಯದು ಎಷ್ಟು ಬೇಕೆಂದು ಯಾರೂ ಲೆಕ್ಕ ಹಾಕಿರುವುದಿಲ್ಲ.

ತಂದ ಸಾಮಾನು

ವಿಡಿಯೊ ನೋಡಿ ಬರೆದುಕೊಂಡ ಪಟ್ಟಿ ಹಿಡಿದು ತಂದದ್ದು ಇಷ್ಟು. ಚಿತ್ರ ನಿಲ್ಲಿಸಿ ಬರೆಯುವ ಮರದ ಈಸೆಲ್ 1,800, ಎರಡು ಕ್ಯಾನ್ವಾಸ್ 900, ಆಯಿಲ್ ಬಣ್ಣದ ಟ್ಯೂಬುಗಳ ಪೆಟ್ಟಿಗೆ 1,650, ಲಿನ್‌ಸೀಡ್ ಎಣ್ಣೆ ಮತ್ತು ಟರ್ಪಂಟೈನ್ 350, ಅರವತ್ತರ ಬಣ್ಣದ ಪೆನ್ಸಿಲ್ 1,900, ಪ್ಯಾಲೆಟ್ ನೈಫ್ ಸೆಟ್ 800. ಇದರಲ್ಲಿ ಪ್ರವೇಶ ಪರೀಕ್ಷೆಗೆ ಒಂದೂ ಬೇಕಿಲ್ಲ. ಬಹುತೇಕ ಕಾಲೇಜುಗಳಲ್ಲಿ ಮೊದಲ ವರ್ಷ ಎಲ್ಲರಿಗೂ ಒಂದೇ ಪಾಠ: ಪೆನ್ಸಿಲ್, ಇದ್ದಿಲು, ಜಲವರ್ಣ, ಪೋಸ್ಟರ್ ಬಣ್ಣ, ಜೇಡಿಮಣ್ಣು, ಲಿನೊ ಹಾಳೆ ಕೊರೆದು ಅಚ್ಚು ತೆಗೆಯುವುದು, ಕಲಾ ಇತಿಹಾಸ. ಈಸೆಲ್ ಕಾಲೇಜಿನ ಸ್ಟುಡಿಯೋದಲ್ಲೇ ಇರುತ್ತದೆ. ಆಯಿಲ್ ಬಣ್ಣದ ಕೆಲಸ ಒಣಗಲು ದಿನಗಟ್ಟಲೆ ಬೇಕು, ಗಾಳಿಯಾಡುವ ಜಾಗ ಬೇಕು. ಆರು ಜನ ಮಲಗುವ ಹಾಸ್ಟೆಲ್ ಕೋಣೆಯಲ್ಲಿ ಟರ್ಪಂಟೈನ್ ಮುಚ್ಚಳ ತೆಗೆದರೆ ಮೊದಲ ರಾತ್ರಿಯೇ ಜಗಳ.

ಬಿಚ್ಚದ ಈಸೆಲ್ಲು, ಕ್ಯಾನ್ವಾಸುಗಳನ್ನು ಅಂಗಡಿಯವರು ದುಡ್ಡಿಗೆ ವಾಪಸ್ ತಗೊಳ್ಳಲಿಲ್ಲ, ಬದಲಿ ಸಾಮಾನು ಕೊಟ್ಟರು. 2,700 ರೂಪಾಯಿಗೆ ಪೂರ್ಣ ಇಂಪೀರಿಯಲ್ ಅಳತೆಯ, ಅಂದರೆ 22×30 ಇಂಚಿನ, 100 ಕಾರ್ಟ್ರಿಜ್ ಶೀಟು, ಅಂದರೆ ಚಿತ್ರ ಬರೆಯುವ ದಪ್ಪ ಕಾಗದ, ಬಂತು. ಜೊತೆಗೆ 2, 4, 8, 12 ನಂಬರಿನ ದುಂಡು ಬ್ರಷ್ಷು, ಒಂದು ಇಂಚಿನ ಚಪ್ಪಟೆ ಬ್ರಷ್ಷು, ಬಿಳಿ ಪೋಸ್ಟರ್ ಬಣ್ಣದ ಎರಡು ದೊಡ್ಡ ಶೀಸೆ. ಬಿಳಿಯನ್ನೇ ಯಾಕೆ ದೊಡ್ಡದು ತರಬೇಕೆಂದರೆ, ತಿಳಿ ಛಾಯೆ ಮಾಡಲು ಪ್ರತಿ ಬಣ್ಣಕ್ಕೂ ಅದನ್ನೇ ಬೆರೆಸುತ್ತಾರೆ. ಹನ್ನೆರಡರ ಪೆಟ್ಟಿಗೆಯಲ್ಲಿ ಬಿಳಿ ಖಾಲಿಯಾದಾಗ ಉಳಿದ ಹನ್ನೊಂದು ಅರ್ಧಕ್ಕಿಂತ ಮೇಲೆ ಇರುತ್ತವೆ.

ಡ್ರಾಯಿಂಗ್ ಬೋರ್ಡನ್ನು ಕೊಪ್ಪಳದ ಬಡಿಗರೇ ಮಾಡಿಕೊಟ್ಟರು. 9 ಮಿಲಿಮೀಟರ್ ಪ್ಲೈವುಡ್ಡಿನಲ್ಲಿ ಎರಡು: 23×31 ಇಂಚು ಒಂದು, 16×23 ಇಂಚು ಒಂದು. ಎರಡಕ್ಕೂ ಸೇರಿ 800 ರೂಪಾಯಿ. ಎಂಡಿಎಫ್ ಹಲಗೆ ಅಗ್ಗ, ನುಣುಪೂ ಹೌದು. ಆದರೆ ಒದ್ದೆ ಕಾಗದ ಅಂಟಿಸಿದರೆ ಅಂಚು ಉಬ್ಬುತ್ತದೆ. ಸಣ್ಣ ಬೋರ್ಡು ಬಸ್ಸಿನ ಮೇಲ್ತಟ್ಟೆಯಲ್ಲಿ ಕೂರುತ್ತದೆ, ದೊಡ್ಡದು ಕೂರುವುದಿಲ್ಲ. ಪರೀಕ್ಷೆಗೆ ಸಣ್ಣದು, ಕಾಲೇಜು ಸೇರುವಾಗ ದೊಡ್ಡದು. ಮೂಲೆಗಳನ್ನು ಉಜ್ಜಿಸದಿದ್ದರೆ ಚೂಡಿದಾರ ಹರಿಯುವುದು ಖಾತ್ರಿ.

ಎಲ್ಲಿಗೆ ಅರ್ಜಿ

ಸಿಇಟಿ ಬರೆದರೆ ಸಾಕು, ಕೌನ್ಸೆಲಿಂಗ್‌ನಲ್ಲಿ ಸೀಟು ಬರುತ್ತದೆ ಎಂದು ತಂದೆಗೆ ಯಾರೋ ಹೇಳಿದ್ದರು. ಬಿ.ವಿ.ಎ.ಗೆ ಆ ದಾರಿ ಇಲ್ಲ. ಕಾಲೇಜಿಗೊಂದು ಅರ್ಜಿ, ಕಾಲೇಜಿಗೊಂದು ಕೊನೆಯ ದಿನ, ಅದರದೇ ಪ್ರವೇಶ ಪರೀಕ್ಷೆ. ಪಿಯುಸಿಯಲ್ಲಿ ಯಾವ ವಿಭಾಗವಾದರೂ ನಡೆಯುತ್ತದೆ. ಕೋರ್ಸು ನಾಲ್ಕು ವರ್ಷ.

ಕೊಪ್ಪಳದಿಂದ ನೋಡಿದರೆ ಆಯ್ಕೆ ಕಡಿಮೆಯೇನಿಲ್ಲ. ರೈಲಿನಲ್ಲಿ ಹೋಗಿ ಬರುವಷ್ಟು ಹತ್ತಿರ ಗದಗ ಇದೆ, ಟಿ.ಪಿ. ಅಕ್ಕಿಯವರು ಕಟ್ಟಿದ ವಿಜಯ ಕಲಾ ಸಂಸ್ಥೆ ಅಲ್ಲಿಯದು. ಕಲಬುರಗಿಯಲ್ಲಿ ವಿ.ಜಿ. ಅಂದಾನಿಯವರ ಐಡಿಯಲ್ ಫೈನ್ ಆರ್ಟ್ ಸಂಸ್ಥೆ, ದಾವಣಗೆರೆಯಲ್ಲಿ ವಿಶ್ವವಿದ್ಯಾಲಯದ್ದೇ ದೃಶ್ಯಕಲಾ ಕಾಲೇಜು, ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತು, ಮೈಸೂರಿನಲ್ಲಿ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಡಿ ಬರುವ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಎಲ್ಲರ ಬಾಯಲ್ಲಿ ಕಾವಾ. ಕಾವಾದಲ್ಲಿ ಪೇಂಟಿಂಗ್, ಶಿಲ್ಪ, ಗ್ರಾಫಿಕ್ (ಅಚ್ಚುಕಲೆ), ಅಪ್ಲೈಡ್ ಆರ್ಟ್ (ಜಾಹೀರಾತು, ವಿನ್ಯಾಸದ ಕಲೆ) ಜೊತೆಗೆ ಛಾಯಾಗ್ರಹಣ ಮತ್ತು ಕಲಾ ಇತಿಹಾಸವೂ ಇದೆ.

ಈ ಮನೆಯವರು ಮೂರು ಕಡೆ ಅರ್ಜಿ ಹಾಕಿದರು. ಗೋಡೆಯ ಕ್ಯಾಲೆಂಡರಿನಲ್ಲಿ ಮೂರು ಬಣ್ಣದ ಪೆನ್ನಲ್ಲಿ ದಿನಾಂಕ ಗುರುತಿಸಿದ್ದು ತಾಯಿ. ಇಂಥ ಕೆಲಸವನ್ನು ಮೊಬೈಲಿಗೆ ಬಿಟ್ಟರೆ ಮರೆತುಹೋಗುತ್ತದೆ, ಅಡುಗೆಮನೆ ಗೋಡೆ ಮರೆಯಲು ಬಿಡುವುದಿಲ್ಲ.

ಕಚೇರಿಯ ಕಾಗದ

ಅಡ್ಡಿ ಬಂದದ್ದು ನಾಲ್ಕು ಕಡೆ.

ಮೊದಲನೆಯದು ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹುಡುಗಿಯ ಹೆಸರಿನ ಹಿಂದೆ ಇನಿಷಿಯಲ್ ಇದೆ, ಆಧಾರ್‌ನಲ್ಲಿ ಹೆಸರಿನ ಮುಂದೆ ತಂದೆಯ ಪೂರ್ತಿ ಹೆಸರಿದೆ. ಮನೆಯವರ ಕಣ್ಣಿಗೆ ಎರಡೂ ಒಂದೇ. ಸ್ಕಾಲರ್‌ಶಿಪ್ಪಿನ ಎಸ್‌ಎಸ್‌ಪಿ ಪೋರ್ಟಲ್ಲಿನ ಕಣ್ಣಿಗೆ ಇಬ್ಬರು ಬೇರೆ ಬೇರೆ ಹುಡುಗಿಯರು. ಅಂಕಪಟ್ಟಿ ತಿದ್ದಿಸುವುದು ವರ್ಷದ ಕೆಲಸ, ಹಾಗಾಗಿ ಆಧಾರನ್ನೇ ಅಂಕಪಟ್ಟಿಗೆ ಹೊಂದಿಸಬೇಕು. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ. ಆದ್ದರಿಂದ ಕೇಂದ್ರದವರು ಟೈಪ್ ಮಾಡಿದ್ದನ್ನು ಸಲ್ಲಿಸುವ ಮುಂಚೆ ಅಂಕಪಟ್ಟಿ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಓದಬೇಕು. ಇಲ್ಲಿ ತಂದೆ ಓದಿದ್ದು ಕನ್ನಡದ ಸಾಲನ್ನು ಮಾತ್ರ. ಇಂಗ್ಲಿಷ್ ಸಾಲಿನಲ್ಲಿ ಒಂದು ಅಕ್ಷರ ಹೆಚ್ಚು ಬಿದ್ದಿತ್ತು. ಮಗಳು ನೋಡಿ ಹೇಳಿದ್ದರಿಂದ ಉಳಿಯಿತು.

ಎರಡನೆಯದು ಜಾತಿ-ಆದಾಯ ಪ್ರಮಾಣ ಪತ್ರ. ಮನೆಯಲ್ಲಿತ್ತು, ಆದರೆ ಹೈಸ್ಕೂಲಿಗೆ ಸೇರಿಸುವಾಗ ಮಾಡಿಸಿದ್ದು. ಆದಾಯ ಪತ್ರದ ಅವಧಿ 5 ವರ್ಷ, ಅದು ಜೂನ್‌ನಲ್ಲಿ ಮುಗಿಯುವುದಿತ್ತು. ಅರ್ಜಿಯ ದಿನ ಚಾಲ್ತಿ, ಸ್ಕಾಲರ್‌ಶಿಪ್ ಪರಿಶೀಲನೆಯ ದಿನ ಗತಿಸಿದ್ದು. ನಾಡಕಚೇರಿಯಲ್ಲಿ ಮೇ ತಿಂಗಳಲ್ಲೇ ಹೊಸದು ಮಾಡಿಸಿದರು. ಪತ್ರದ ಮೇಲಿನ ಆರ್‌ಡಿ ನಂಬರೇ ಮುಂದೆ ಎಲ್ಲ ಕಡೆ ಕೇಳುವುದು. ಹಳೆಯದನ್ನು ಹರಿದು ಬಿಸಾಡುವುದೇ ಒಳ್ಳೆಯದು, ಇಲ್ಲದಿದ್ದರೆ ಎರಡು ನಂಬರು ಕಲೆಯುತ್ತವೆ.

ಮೂರನೆಯದು 371(ಜೆ), ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿಗೆ ದಾರಿ ಮಾಡಿದ ಸಂವಿಧಾನದ ವಿಧಿ. ಕೊಪ್ಪಳ, ರಾಯಚೂರು, ಬಳ್ಳಾರಿ ಮಕ್ಕಳಿಗೆ ಇದು ಹಕ್ಕು, ಆದರೆ ಕಲಾ ಕಾಲೇಜಿಗೆ ಹೋಗುವವರು ಇದನ್ನು ನೆನೆಯುವುದೇ ಕಡಿಮೆ. ಅದೇನಿದ್ದರೂ ಮೆಡಿಕಲ್, ಇಂಜಿನಿಯರಿಂಗ್‌ಗೆ ಎಂಬ ಭಾವನೆ. 2013ರ ಆದೇಶದ ಪ್ರಕಾರ ಕಲ್ಯಾಣ ಕರ್ನಾಟಕದ ಒಳಗಿನ ಸಂಸ್ಥೆಗಳಲ್ಲಿ ಶೇ 70, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8 ಸೀಟು ಈ ಭಾಗದವರಿಗೆ ಮೀಸಲು. ಅರ್ಹತಾ ಪತ್ರ ಕೊಡುವವರು ತಹಸೀಲ್ದಾರರಲ್ಲ, ಉಪವಿಭಾಗಾಧಿಕಾರಿ. ಗ್ರಾಮ ಆಡಳಿತಾಧಿಕಾರಿ, ಕಂದಾಯ ನಿರೀಕ್ಷಕರ ವರದಿ ಬಂದ ಮೇಲೆ ಅಲ್ಲಿ ಸಹಿ. ಪಿಯುಸಿ ಫಲಿತಾಂಶ ಬಂದ ಮೇಲೆ ಸಿಇಟಿ ಮಕ್ಕಳೆಲ್ಲ ಅದೇ ಬಾಗಿಲಲ್ಲಿ ನಿಲ್ಲುತ್ತಾರೆ. ಫೆಬ್ರುವರಿಯಲ್ಲಿ ಹೋದರೆ ಸಲೀಸು, ಮೇ ತಿಂಗಳಲ್ಲಿ ಹೋದರೆ ಸಾಲು. ಇವರು ಮೇ ತಿಂಗಳಲ್ಲಿ ಹೋದರು, ಮಗ್ಗ ಬಿಟ್ಟು ಐದು ಸಲ. ಐದು ದಿನದ ಕೂಲಿ ಹೋಯಿತು. ಅದನ್ನು ಯಾರೂ ಖರ್ಚಿನ ಪಟ್ಟಿಯಲ್ಲಿ ಬರೆಯುವುದಿಲ್ಲ.

ನಾಲ್ಕನೆಯದು ಬ್ಯಾಂಕ್ ಖಾತೆ. ಖಾತೆಗೆ ಆಧಾರ್ ನಂಬರ್ ಕೊಟ್ಟಿರುವುದು ಬೇರೆ, ಸ್ಕಾಲರ್‌ಶಿಪ್ ಬಂದು ಬೀಳಲು ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಈ ಆಧಾರಿನ ಸರ್ಕಾರಿ ದುಡ್ಡು ಯಾವ ಬ್ಯಾಂಕಿಗೆ ಹೋಗಬೇಕೆಂಬ ಗುರುತು, ಆಗಿರುವುದು ಬೇರೆ. ಮ್ಯಾಪಿಂಗ್ ಒಂದೇ ಬ್ಯಾಂಕಿಗೆ ಇರುತ್ತದೆ, ಕೊನೆಗೆ ಯಾವುದಕ್ಕೆ ಮಾಡಿಸಿದ್ದೀರೋ ಅದಕ್ಕೆ. ಹುಡುಗಿಗೆ ಶಾಲೆಯ ದಿನಗಳಲ್ಲಿ ತೆರೆದ ಮೈನರ್ ಖಾತೆ ಇತ್ತು. 18 ತುಂಬಿದ ಮೇಲೆ ಹೊಸ ಸಹಿ, ಹೊಸ ಕೆವೈಸಿ ಕೊಡದಿದ್ದರೆ ಅದರ ವ್ಯವಹಾರ ನಿಲ್ಲುತ್ತದೆ. ಅವಳಿಗೆ 18 ತುಂಬುವುದು ಆಗಸ್ಟ್‌ನಲ್ಲಿ, ಅಂದರೆ ಊರು ಬಿಟ್ಟ ಮೇಲೆ. ಪಾಸ್‌ಬುಕ್ ಜೊತೆ ಕಳಿಸಿ, ಊರಿಗೆ ಬಂದ ಮೊದಲ ರಜೆಯಲ್ಲೇ ಮುಗಿಸುವುದೆಂದು ಬರೆದಿಟ್ಟರು.

ಇನ್ನೊಂದು ಮಾತು, ಲ್ಯಾಮಿನೇಷನ್ ಬೇಡ. ಅಕ್ಕರೆಯಿಂದ ಮಾಡಿಸುತ್ತಾರೆ, ಆಮೇಲೆ ಅದರ ಮೇಲೆ ಸೀಲು ಕೂರುವುದಿಲ್ಲ, ಹಿಂಬದಿಯ ಬರಹ ಪರಿಶೀಲಿಸಲು ಆಗುವುದಿಲ್ಲ. ಮೂಲ ಪ್ರತಿಗಳನ್ನು ಪ್ಲಾಸ್ಟಿಕ್ ಕವರಿನ ಫೈಲಿನಲ್ಲಿಟ್ಟು, ಹತ್ತು ಸೆಟ್ ಜೆರಾಕ್ಸ್ ಮಾಡಿಸಿ, ಎಲ್ಲವನ್ನೂ ಸ್ಕ್ಯಾನ್ ಮಾಡಿ ಇಬ್ಬರ ಮೊಬೈಲಿನಲ್ಲಿ ಇಟ್ಟರೆ ಸಾಕು.

ಬರೆಯುವ ಕಾಗದ

ಹುಡುಗಿ ತೋರಿಸಿದ ಚಿತ್ರಗಳು 62. ಅದರಲ್ಲಿ 47 ಮೊಬೈಲ್ ನೋಡಿ ಬರೆದವು: ಸಿನಿಮಾ ನಟರು, ಮಠದ ಸ್ವಾಮಿಗಳು, ಕಣ್ಣೀರು ಸುರಿಸುವ ಒಂದು ಕಣ್ಣು. ಚೌಕಳಿ ಹಾಕಿ, ಬೆರಳಿನಿಂದ ಉಜ್ಜಿ, ಫೋಟೊದಂತೆಯೇ ಮಾಡಿದ್ದಾಳೆ. ಊರಲ್ಲಿ ಇವಕ್ಕೇ ಚಪ್ಪಾಳೆ ಸಿಗುವುದು. ಪ್ರವೇಶ ಸಮಿತಿ ಇವನ್ನು ಬದಿಗಿಡುತ್ತದೆ, ಕಾರಣ ಸರಳ. ಫೋಟೊದಲ್ಲಿ ಕ್ಯಾಮೆರಾ ಆಗಲೇ ಉಬ್ಬುತಗ್ಗನ್ನು ಚಪ್ಪಟೆ ಮಾಡಿಟ್ಟಿರುತ್ತದೆ. ಎದುರಿಗಿರುವ ವಸ್ತುವನ್ನು ಕಾಗದಕ್ಕೆ ತರುವ ಕಷ್ಟವನ್ನು ಮಗು ಪಟ್ಟಿಲ್ಲ. ಆ ಕಷ್ಟ ಪಟ್ಟಿದ್ದಾಳೋ ಇಲ್ಲವೋ ಎಂಬುದನ್ನೇ ಅವರು ನೋಡುವುದು.

ಉಳಿದ 15ರಲ್ಲಿ ಇಡುವಂತಿದ್ದವು ಆರು. ಪರೀಕ್ಷೆಗೆ ಏಳು ವಾರ ಇತ್ತು. ಗುರಿ 18 ಕೆಲಸ: ಸ್ಥಿರವಸ್ತು ಐದು, ಮನುಷ್ಯಾಕೃತಿ ನಾಲ್ಕು, ನಿಸರ್ಗ ಮೂರು, ಎಲೆ-ಕಾಯಿ-ಬೇರಿನಂಥ ಅಭ್ಯಾಸ ಎರಡು, ಸಂಯೋಜನೆ ಎರಡು, ವಿನ್ಯಾಸ ಎರಡು. ಜೊತೆಗೆ ಒಂದು ಸ್ಕೆಚ್ ಪುಸ್ತಕ, ಸೋತ ಸ್ಕೆಚ್ಚುಗಳೂ ಸೇರಿ. ಪುಟ ಹರಿದ ಸ್ಕೆಚ್ ಪುಸ್ತಕ ನೋಡಿದರೆ ಮೇಷ್ಟ್ರಿಗೆ ಅನುಮಾನ ಬರುತ್ತದೆ.

ಬೇಸಿಗೆಯ ಕೊಪ್ಪಳದಲ್ಲಿ ಹೊರಗೆ ಕೂತು ಬರೆಯುವ ಹೊತ್ತು ಬೆಳಿಗ್ಗೆ 6ರಿಂದ 8, ಅಷ್ಟೇ. ರೈಲು ನಿಲ್ದಾಣದಲ್ಲಿ ಮಲಗಿದವರು, ಬಸ್ ನಿಲ್ದಾಣದ ಬುಟ್ಟಿಯವರು, ಸಂತೆ ದಿನ ಕುರಿ ಹಿಡಿದು ನಿಂತವರು. ಒಂದೊಂದಕ್ಕೆ ಎರಡು ನಿಮಿಷ. ಕಾಲೇಜಿಗೆ ಹೋದ ಮೇಲೆ ವಾರಕ್ಕೆ 50 ಸ್ಕೆಚ್ ಕೇಳುವುದು ಮಾಮೂಲು, ಈಗಿನಿಂದಲೇ ಕೈ ಪಳಗಬೇಕು. ಕೋನದೃಷ್ಟಿಗೆ ಇಟಗಿಯ ಮಹಾದೇವ ದೇಗುಲದ ಕಂಬಸಾಲಿಗಿಂತ ಒಳ್ಳೆಯ ಪಾಠ ಪುಸ್ತಕದಲ್ಲಿ ಸಿಗದು. 1112ರಲ್ಲಿ ಕಟ್ಟಿಸಿದ ಆ ಕಂಬಗಳು ದೂರ ಹೋದಂತೆ ಹೇಗೆ ಒತ್ತಾಗುತ್ತವೆ ಎಂದು ಅರ್ಧ ದಿನ ಕೂತು ನೋಡಿದರೆ ಸಾಕು. ಆನೆಗೊಂದಿಯ ಬಂಡೆಗಳು ಬೆಳಕು-ನೆರಳಿಗೆ.

ಮಧ್ಯಾಹ್ನ ಮನೆಯೊಳಗೆ ಸ್ಥಿರವಸ್ತು. ಉತ್ತರಕ್ಕೆ ತೆರೆದ ಕಿಟಕಿಯ ಪಕ್ಕ ಇಡಬೇಕು, ನೆರಳು ಗಂಟೆಗೊಮ್ಮೆ ಜಾಗ ಬದಲಿಸುವುದಿಲ್ಲ. ತಾಮ್ರದ ಚೊಂಬು, ಮೊರ, ಎರಡು ಬದನೆಕಾಯಿ, ಹಿಂದೆ ಒಂದು ಸೀರೆ. ಸೀರೆಯ ನೆರಿಗೆಯಲ್ಲಿ ಈ ಹುಡುಗಿ ಮೊದಲ ದಿನವೇ ಗೆದ್ದಳು, ಹುಟ್ಟಿದಾಗಿನಿಂದ ನೋಡಿದ್ದು ಅದನ್ನೇ. ಸೋತದ್ದು ಚೊಂಬಿನಲ್ಲಿ. ತಪ್ಪುಗಳು ಎಲ್ಲ ಮಕ್ಕಳವೇ: ಬಾಯಿಯ ಅಂಡಾಕಾರ ಎರಡು ತುದಿಯಲ್ಲಿ ಚೂಪಾಗಿ ಬಾದಾಮಿಯಂತೆ ಆಗುವುದು. ಬಾಯಿ ದುಂಡಗೆ ಬರೆದು ತಳವನ್ನು ಸಪಾಟು ಗೆರೆ ಎಳೆಯುವುದು, ತಳ ನಮ್ಮ ಕಣ್ಣಿಗಿಂತ ಇನ್ನೂ ಕೆಳಗಿರುವುದರಿಂದ ಅದು ಬಾಯಿಗಿಂತ ಹೆಚ್ಚು ದುಂಡಗಿರಬೇಕು. ಬೀಳುನೆರಳನ್ನು ಪಾತ್ರೆಗೆ ಅಂಟಿಸದೆ ಬಿಟ್ಟು ಚೊಂಬು ಗಾಳಿಯಲ್ಲಿ ತೇಲುವುದು. ಬೆರಳಿನಿಂದ ಉಜ್ಜುವುದು: ಬೆರಳಿನ ಜಿಡ್ಡು ಕಾಗದ ಹಿಡಿದರೆ ಆಮೇಲೆ ಪೆನ್ಸಿಲ್ ಹತ್ತುವುದಿಲ್ಲ, ಕಪ್ಪು ಬೂದಿಯಾಗಿಯೇ ಉಳಿಯುತ್ತದೆ. ಹುಡುಗಿಯ ಬಲಗೈ ತೋರುಬೆರಳಿಗೆ ಹದಿನೈದು ದಿನ ಬ್ಯಾಂಡೇಜು ಸುತ್ತಿದ್ದು ತಾಯಿಯ ಉಪಾಯ. ಗಾಯವಿರಲಿಲ್ಲ.

ಪೆನ್ಸಿಲ್ ಎಚ್‌ಬಿ, 2ಬಿ, 4ಬಿ, 6ಬಿ ಸಾಕು. ಶಾರ್ಪನರ್ ಬೇಡ, ಬ್ಲೇಡಿನಿಂದ ಸೀಸವನ್ನು ಅರ್ಧ ಇಂಚು ಹೊರತೆಗೆದರೆ ಓರೆ ಹಿಡಿದು ಅಗಲ ಛಾಯೆ ಎಳೆಯಬಹುದು. ಕಾಗದದ ದಪ್ಪ, ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ಎಂಬ ಲೆಕ್ಕದಲ್ಲಿ, 130ರಿಂದ 150 ಜಿಎಸ್‌ಎಂ. ಜಿಎಸ್‌ಎಂ ಅಂದರೇನು ಎಂದು ತಂದೆಗೆ ವಿವರಿಸಬೇಕಾಗಲಿಲ್ಲ. ಒಂದು ಶೀಟು ಬೆರಳಲ್ಲಿ ಹಿಡಿದು ಬೆಳಕಿಗೆ ತೋರಿಸಿ, ‘ಹಾಸು ತೆಳ್ಳಗೈತಿ, ನೀರು ಬಿದ್ರ ಸುಕ್ಕುಗಟ್ಟತೈತಿ’ ಎಂದರು. ಸರಿಯಾಗಿಯೇ ಹೇಳಿದರು. ತೆಳು ಕಾಗದಕ್ಕೆ ಜಲವರ್ಣ ಹಾಕುವ ಮೊದಲು ಎರಡೂ ಬದಿ ಒದ್ದೆ ಮಾಡಿ, ನಾಲ್ಕು ಅಂಚಿಗೆ ಅಂಟುಪಟ್ಟಿ ಹಚ್ಚಿ ಬೋರ್ಡಿನ ಮೇಲೆ ಬಿಗಿಯಾಗಿ ಒಣಗಿಸಬೇಕು.

ಬಣ್ಣದ ಮರದ ಗೊಂಬೆಗಳಿಗೆ ಹೆಸರಾದ ಕಿನ್ನಾಳದ ವಿಚಾರ ಬಂದದ್ದು ಸಂದರ್ಶನದ ತಯಾರಿಯಲ್ಲಿ. ‘ನಿಮ್ಮೂರ ಕಡೆಯ ಕಲೆ ಯಾವುದು?’ ಎಂದು ಕೇಳಿಯೇ ಕೇಳುತ್ತಾರೆ. ಕೊಪ್ಪಳದ ಮಕ್ಕಳು ಹಂಪಿ ಎನ್ನುತ್ತಾರೆ, ಮುಂದೆ ಸುಮ್ಮನಾಗುತ್ತಾರೆ. ಕಿನ್ನಾಳ ಬಸ್ಸಿನಲ್ಲಿ ಹೋಗಿ ಮಧ್ಯಾಹ್ನದೊಳಗೆ ವಾಪಸ್ ಬರುವಷ್ಟು ಹತ್ತಿರ. ಒಂದು ದಿನ ಅಲ್ಲಿ ಕೂತು, ಹಗುರ ಪೊಣಕಿ ಮರದ ತುಂಡುಗಳನ್ನು ಹುಣಸೆಬೀಜದ ಅಂಟಿನಿಂದ ಕೂಡಿಸುವುದು, ಗೋಣಿನಾರು ಮತ್ತು ಮರದ ಹೊಟ್ಟು ಅರೆದ ಕಿಟ್ಟದಿಂದ ಸಂದು ಮುಚ್ಚುವುದು, ಬಿಳಿ ಲೇಪ, ಆಮೇಲೆ ಬಣ್ಣ ಇದನ್ನೆಲ್ಲ ಹಂತ ಹಂತವಾಗಿ ಬರೆದುಕೊಂಡಳು. ಹನ್ನೊಂದು ಸ್ಕೆಚ್ಚು ಬಂತು. ಕಡತದಲ್ಲಿ ಅತಿ ಹೆಚ್ಚು ಹೊತ್ತು ನೋಡಿದ್ದು ಆ ಪುಟಗಳನ್ನೇ ಎಂದು ಪರೀಕ್ಷೆ ಮುಗಿಸಿ ಬಂದು ಹೇಳಿದಳು.

ಸೋದರಮಾವನ ಪ್ರಶ್ನೆಗೂ ಉತ್ತರ ಈ ಸೀಮೆಯಲ್ಲೇ ಇದೆ. ಕಲಬುರಗಿಯ ಎಸ್.ಎಂ. ಪಂಡಿತರು (1916–1993) ಕ್ಯಾಲೆಂಡರಿಗೆ, ಸಿನಿಮಾ ಪೋಸ್ಟರಿಗೆ ಬರೆದು ದೇಶಕ್ಕೆಲ್ಲ ಗೊತ್ತಾದವರು. ಹಾಗೆಂದು ಎಲ್ಲರೂ ಪಂಡಿತರಾಗುತ್ತಾರೆ ಎನ್ನುವುದು ಸುಳ್ಳು. ಸರ್ಕಾರಿ ಚಿತ್ರಕಲಾ ಶಿಕ್ಷಕರ ಹುದ್ದೆಯನ್ನೇ ನಂಬಿ ಕಳಿಸುವುದೂ ಅಪಾಯ, ನೇಮಕಾತಿ ಅಪರೂಪ. ಅಪ್ಲೈಡ್ ಆರ್ಟ್, ಆನಿಮೇಷನ್, ಜವಳಿ ವಿನ್ಯಾಸ, ಖಾಸಗಿ ಶಾಲೆ ಇವನ್ನು ಲೆಕ್ಕಕ್ಕೆ ಹಿಡಿದು ಮಾತಾಡಿದಾಗ ಮಾವ ಒಪ್ಪಲಿಲ್ಲ, ಆದರೆ ಸುಮ್ಮನಾದ.

ಚಿತ್ರಗಳನ್ನು ಒಯ್ದದ್ದು ಸೀರೆ ಪ್ಯಾಕ್ ಮಾಡುವ ರಟ್ಟಿನಲ್ಲಿ. ಎರಡು ರಟ್ಟು, ಮಧ್ಯೆ ಬಟ್ಟೆಯ ಪಟ್ಟಿಯ ಕೀಲು, ಕಟ್ಟಲು ಮೂರು ಲಾಡಿ. ಅಂಗಡಿಯ ಪೋರ್ಟ್‌ಫೋಲಿಯೊ ಚೀಲಕ್ಕಿಂತ ಗಟ್ಟಿ. ಪ್ರತಿ ಚಿತ್ರದ ನಡುವೆ ಬಟರ್ ಪೇಪರ್. ದಪ್ಪ ಪೋಸ್ಟರ್ ಬಣ್ಣದ ಚಿತ್ರ ಸುತ್ತಿದರೆ ಬಿರುಕು ಬಿಟ್ಟು ಉದುರುತ್ತದೆ, ಸುತ್ತಲೇಬೇಕಾದರೆ ಬಣ್ಣದ ಬದಿ ಹೊರಗಿರಬೇಕು. ಇದ್ದಿಲಿನ ಪುಡಿ ಉದುರದಂತೆ ಸಿಂಪಡಿಸುವ ಫಿಕ್ಸೆಟಿವ್ ಸಿಗದಿದ್ದರೆ ಕೆನೆ ತೆಗೆದ ಹಾಲಿಗೆ ನೀರು ಬೆರೆಸಿ ದೂರದಿಂದ ತೆಳ್ಳಗೆ ಸಿಂಪಡಿಸುವ ಹಳೇ ಪದ್ಧತಿ ಇದೆ. ಹಾಲಿನ ಕೇಸಿನ್ ಪುಡಿಯನ್ನು ಹಿಡಿದಿಡುತ್ತದೆ. ಹೇರ್‌ಸ್ಪ್ರೇ ವರ್ಷದೊಳಗೆ ಹಳದಿಯಾಗಬಹುದು.

ಪರೀಕ್ಷೆಯ ದಿನ

ಮೈಸೂರಿಗೆ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಹೋದರು. ಹುಬ್ಬಳ್ಳಿಯಿಂದ ಬರುವ ಆ ಗಾಡಿ ಕೊಪ್ಪಳ, ಹೊಸಪೇಟೆ, ಬಳ್ಳಾರಿ, ಗುಂತಕಲ್, ಬೆಂಗಳೂರು ಮೇಲೆ ಮೈಸೂರು ಸೇರುತ್ತದೆ, ಒಂದು ರಾತ್ರಿಯ ಪ್ರಯಾಣ. ಪರೀಕ್ಷೆಯ ದಿನವೇ ಇಳಿಯುವಂತೆ ಟಿಕೆಟ್ ಮಾಡಿಸಬಾರದು, ಹಿಂದಿನ ದಿನ ಇರಬೇಕು. ಮೂರು ಕಡೆಯ ಅರ್ಜಿ, ಓಡಾಟ, ವಸತಿ ಸೇರಿ 4,200 ರೂಪಾಯಿ ಆಯಿತು.

ಮೂರು ಗಂಟೆಯ ಪತ್ರಿಕೆಗೆ ಮನೆಯಲ್ಲಿ ರೂಢಿ ಮಾಡಿದ ಹಂಚಿಕೆ ಹೀಗಿತ್ತು: 10 ನಿಮಿಷ ಬರೇ ನೋಡುವುದು, 25 ಕಟ್ಟಣೆ, 40 ದೊಡ್ಡ ಛಾಯೆ, 75 ಬಣ್ಣ ಮತ್ತು ವಿವರ, 20 ಹಿನ್ನೆಲೆ, 10 ದೂರ ನಿಂತು ತಿದ್ದುವುದು. ಮೊದಲ ಎರಡು ಪರೀಕ್ಷೆಗಳಲ್ಲಿ ಇದು ನಡೆಯಿತು. ಮೂರನೆಯದರಲ್ಲಿ ಕೈಕೊಟ್ಟಿತು, ಕಾರಣ ಹವೆ.

ಕೊಪ್ಪಳದ ಮೇ ಬಿಸಿಲಲ್ಲಿ ಜಲವರ್ಣದ ವಾಶ್, ಅಂದರೆ ನೀರು ಬೆರೆಸಿದ ಬಣ್ಣದ ತೆಳು ಪದರ, ಎಳೆದರೆ ಎರಡು ನಿಮಿಷದಲ್ಲಿ ಒಣಗುತ್ತದೆ. ಇಲ್ಲಿಯ ಮಕ್ಕಳ ಕೈ ಆ ವೇಗಕ್ಕೆ ಒಗ್ಗಿರುತ್ತದೆ: ಎಳಿ, ತಕ್ಷಣ ಮೇಲೆ ಇನ್ನೊಂದು ಎಳಿ. ಮೂರನೇ ಪರೀಕ್ಷೆಯ ಊರಲ್ಲಿ ಜೂನ್ ಕೊನೆಯ ಮಳೆ, ಕಿಟಕಿ ಮುಚ್ಚಿದ ಪರೀಕ್ಷಾ ಕೊಠಡಿ. ಹತ್ತು ನಿಮಿಷವಾದರೂ ವಾಶ್ ಹಸಿ. ಅವಳು ಮನೆಯ ಲೆಕ್ಕದಲ್ಲೇ ಎರಡನೇ ಪದರ ಹಾಕಿದಳು. ಹಸಿರು, ಕೆಂಪು ಕೂಡಿ ಕೆಸರಾಯಿತು. ಇದಕ್ಕೆ ಮದ್ದು ಚಿಕ್ಕದು. ಹಳೇ ಹತ್ತಿಬಟ್ಟೆಯ ತುಂಡು ಇಟ್ಟುಕೊಂಡು ಬ್ರಷ್ಷಿನ ನೀರು ಹೀರಿಸುವುದು, ಹಸಿ ಜಾಗ ಬಿಟ್ಟು ಇನ್ನೊಂದು ಮೂಲೆಗೆ ಹೋಗುವುದು, ಮನೆಯಲ್ಲಿ ಎರಡು ಸಲವಾದರೂ ಹಸಿ ಗೋಣಿಚೀಲ ನೇತುಹಾಕಿದ ಕೋಣೆಯಲ್ಲಿ ಅಭ್ಯಾಸ ಮಾಡುವುದು. ಈ ಕೊನೆಯ ಉಪಾಯ ಗೊತ್ತಿದ್ದರೆ ಮೊದಲೇ ಮಾಡಿಸಬಹುದಿತ್ತು. ಆ ಕಾಲೇಜಿನ ಪಟ್ಟಿಯಲ್ಲಿ ಅವಳ ಹೆಸರು ಬರಲಿಲ್ಲ. ಉಳಿದೆರಡರಲ್ಲಿ ಬಂತು. ಕಲ್ಯಾಣ ಕರ್ನಾಟಕದ ಆಚೆಗಿನ ಒಂದನ್ನು ಆರಿಸಿಕೊಂಡರು.

ಟಿಸಿ ಎಂಬ ಗಂಟು

ಫಲಿತಾಂಶ ಬಂದು ಬಿ.ವಿ.ಎ. ಪಟ್ಟಿ ಹೊರಬೀಳುವವರೆಗೆ ಎರಡು ತಿಂಗಳ ಮೇಲಾಗುತ್ತದೆ. ಆ ನಡುವೆ ‘ವರ್ಷ ಹಾಳಾಗಬಾರದು’ ಎಂದು ಹುಡುಗಿಯನ್ನು ಹತ್ತಿರದ ಒಂದು ಡಿಗ್ರಿ ಕಾಲೇಜಿಗೆ ಬಿ.ಎ.ಗೆ ಸೇರಿಸಿದ್ದರು. ಮೂಲ ಟಿಸಿ, ಮೂಲ ಅಂಕಪಟ್ಟಿ ಅಲ್ಲಿ ಕೊಟ್ಟಿದ್ದರು. ಕಲಾ ಕಾಲೇಜಿನಲ್ಲಿ ಮೂಲ ಟಿಸಿ ಕೊಡಲು ಐದು ದಿನ ಗಡುವು. ಡಿಗ್ರಿ ಕಾಲೇಜಿನವರು ಪ್ರವೇಶ ರದ್ದತಿ ಅರ್ಜಿ, ಪ್ರಾಂಶುಪಾಲರ ಸಹಿ, ಲೈಬ್ರರಿ ಬಾಕಿ ಇಲ್ಲವೆಂಬ ಪತ್ರ ಎಂದರು. ಪ್ರಾಂಶುಪಾಲರು ರಜೆಯಲ್ಲಿದ್ದರು. ಕಟ್ಟಿದ ಶುಲ್ಕ ವಾಪಸ್ ಬರಲಿಲ್ಲ. ನಾಲ್ಕನೇ ದಿನ ಸಂಜೆ ಟಿಸಿ ಸಿಕ್ಕಿತು, ತಂದೆ ರಾತ್ರಿ ಬಸ್ಸು ಹತ್ತಿದರು.

ಎರಡನೇ ಆಸರೆ ಇಟ್ಟುಕೊಳ್ಳುವುದು ತಪ್ಪಲ್ಲ. ಆದರೆ ಸೇರುವ ದಿನವೇ ರದ್ದತಿಯ ನಿಯಮ ಕೇಳಿಕೊಳ್ಳಬೇಕು. ಮೂಲ ದಾಖಲೆ ಕೊಟ್ಟ ದಿನವೇ ಏನೇನು ಕೊಟ್ಟೆವು ಎಂಬ ಸ್ವೀಕೃತಿ ಬರೆಸಿಕೊಳ್ಳಬೇಕು. ಸಾಧ್ಯವಿದ್ದರೆ ಬಿ.ವಿ.ಎ. ಪಟ್ಟಿ ಬರುವವರೆಗೆ ಮೂಲ ಟಿಸಿಗೆ ಸಮಯ ಕೇಳಬೇಕು. ಎಷ್ಟೋ ಕಡೆ ಕೊಡುತ್ತಾರೆ, ಯಾರೂ ಕೇಳುವುದಿಲ್ಲ.

ದುಡ್ಡಿನ ಲೆಕ್ಕ

ಸೇರುವ ಮುಂಚೆಯೇ ಚೀಟಿಯ ದುಡ್ಡಲ್ಲಿ 12,400 ಮುಗಿದಿತ್ತು: ಸಾಮಾನು 7,400, ಬೋರ್ಡು 800, ಅರ್ಜಿ-ಓಡಾಟ 4,200. ಉಳಿದದ್ದು 32,600. ಕಾಲೇಜಿನ ಶುಲ್ಕ 9,500. ಹಾಸ್ಟೆಲ್ ಸಿಗುತ್ತದೆ ಎಂದು ಉಳಿದದ್ದರಲ್ಲಿ ಅಕ್ಕನ ಸಾಲ ತೀರಿಸಲು ಹೊರಟಿದ್ದರು. ತಡೆದದ್ದು ಒಳ್ಳೆಯದಾಯಿತು. ಹಿಂದುಳಿದ ವರ್ಗಗಳ ಹಾಸ್ಟೆಲ್ಲಿಗೆ ಅರ್ಜಿ ಹಾಕುವುದೇ ಕಾಲೇಜು ಸೇರಿದ ಮೇಲೆ, ಪಟ್ಟಿ ಬರುವುದು ಅದಕ್ಕಿಂತ ಮೇಲೆ. ಅಲ್ಲಿಯವರೆಗೆ ಹುಡುಗಿ ಎಲ್ಲಿರಬೇಕು? ಎರಡು ತಿಂಗಳ ಪಿಜಿಗೆ 10,000, ಮುಂಗಡ 3,000 ಎತ್ತಿಟ್ಟರು. ಹಾಸ್ಟೆಲ್ ಸಿಗದಿದ್ದವರಿಗೆ ಊಟ-ವಸತಿಗೆ ಸರ್ಕಾರ ಕೊಡುವ ವಿದ್ಯಾಸಿರಿ ನೆರವು ಇದೆ. ಆದರೆ ಅದು ಖಾತೆಗೆ ಬೀಳುವ ಹೊತ್ತು ನಿಮ್ಮ ಬಾಡಿಗೆಯ ದಿನಕ್ಕೆ ಹೊಂದುವುದಿಲ್ಲ. ಮೊದಲ ಸೆಮಿಸ್ಟರಿನ ಲೆಕ್ಕದಲ್ಲಿ ಸ್ಕಾಲರ್‌ಶಿಪ್ ದುಡ್ಡನ್ನು ಸೊನ್ನೆ ಎಂದೇ ಹಿಡಿಯಬೇಕು.

ಕೈಯಲ್ಲಿ ಉಳಿದದ್ದು 10,100. ಇಲ್ಲಿ ಎರಡನೇ ಬಗೆಯ ಕಾಗದ ಮತ್ತೆ ಬರುತ್ತದೆ. ತಿಂಗಳಿಗೆ ಕಾರ್ಟ್ರಿಜ್ 15 ಶೀಟು 300, ಸ್ಕೆಚ್ಚಿಗೆ ಒರಟು ಕಾಗದ 100, ಪೆನ್ಸಿಲ್ ಮತ್ತು ಇದ್ದಿಲು 150, ಬಣ್ಣ ತುಂಬಿಸಲು 350, ಒಂದು ಬ್ರಷ್ಷು 120, ಕಲಾ ಇತಿಹಾಸದ ಜೆರಾಕ್ಸು 100. ಒಟ್ಟು 1,120. ಇದಕ್ಕೆ ಲಿನೊ, ಮೌಂಟ್ ಬೋರ್ಡು, ವರ್ಷದ ಕೊನೆಯ ಪ್ರದರ್ಶನ ಬೇರೆ, ಅದಕ್ಕೆ 3,000 ತೆಗೆದಿಡಬೇಕು. ಹುಬ್ಬಳ್ಳಿಯ ಬದಲಿ ಶೀಟುಗಳು ಆರು ತಿಂಗಳ ಮೇಲೆ ಬಂದವು, ಆ ಬಾಬ್ತು ಅಷ್ಟು ದಿನ ತಪ್ಪಿತು. ಸ್ಕೆಚ್ಚಿನ ಕಾಗದವನ್ನು ಅಂಗಡಿಯಲ್ಲಿ ಪುಸ್ತಕವಾಗಿ ಕೊಳ್ಳದೆ ಪ್ರಿಂಟಿಂಗ್ ಪ್ರೆಸ್ಸಿನ ಕತ್ತರಿ ತುಂಡುಗಳನ್ನು ಕಿಲೋ ಲೆಕ್ಕದಲ್ಲಿ ತರುವುದು ಕಲಾ ವಿದ್ಯಾರ್ಥಿಗಳ ಹಳೇ ದಾರಿ.

ಲ್ಯಾಪ್‌ಟಾಪಿಗೆ ಸಾಲ ಮಾಡುವುದೆಂದು ಒಂದು ಮಾತು ಬಂದಿತ್ತು. ಮೊದಲ ವರ್ಷ ಬೇಡ. ಅಪ್ಲೈಡ್ ಆರ್ಟ್ ಆರಿಸಿಕೊಂಡರೆ ಮುಂದೆ ಬೇಕಾಗುತ್ತದೆ, ಶಿಲ್ಪ ಆರಿಸಿಕೊಂಡರೆ ಅದೇ ದುಡ್ಡಿಗೆ ಉಳಿ, ಸುತ್ತಿಗೆ ಬೇಕಾಗುತ್ತವೆ.

ಟ್ರಂಕಿಗೆ ಹಾಕಿದ್ದು

ತಂದೆಯ ಹಳೇ ಅಂಗಿ ಎರಡು, ಏಪ್ರನ್ ಬದಲಿಗೆ. ಜೇಡಿಮಣ್ಣಿನ ಕೆಲಸದಿಂದ ಬಿರಿಯುವ ಕೈಗೆ ಕೊಬ್ಬರಿ ಎಣ್ಣೆ. ಲಿನೊ ಕೊರೆಯುವಾಗ ಉಳಿ ಜಾರಿ ಎಡಗೈಗೆ ಚುಚ್ಚುವುದು ಹೊಸಬರಿಗೆಲ್ಲ ಆಗುವ ಗಾಯ, ಆದ್ದರಿಂದ ಬ್ಯಾಂಡೇಜು, ಮತ್ತು ಹೊರಡುವ ಮುಂಚೆ ಟಿಟಿ ಇಂಜೆಕ್ಷನ್. ಬ್ರಷ್ಷಿನ ತುದಿಯನ್ನು ತುಟಿಯಲ್ಲಿ ಚೂಪು ಮಾಡುವ ಚಟ ಅವಳಿಗಿತ್ತು. ಕೆಲವು ಬಣ್ಣಗಳಲ್ಲಿ ಕ್ಯಾಡ್ಮಿಯಂ ಇರುತ್ತದೆ, ಅದನ್ನು ಬಿಡಿಸಲೇಬೇಕು. ಮಳೆ ಊರಿನ ತೇವಕ್ಕೆ ಕಾಗದ ಬೂಸ್ಟು ಹಿಡಿಯದಂತೆ ಪ್ಲಾಸ್ಟಿಕ್ ಹಾಳೆ, ಶೀಟುಗಳನ್ನು ನೆಲಕ್ಕೆ ಇಡದೆ ಟ್ರಂಕಿನ ಮೇಲೆ ಚಪ್ಪಟೆಯಾಗಿ ಇಡುವುದು.

ತಾಯಿ ಒಂದು ಪ್ರಶ್ನೆಯನ್ನು ಕೊನೆಯವರೆಗೂ ಹಿಡಿದಿಟ್ಟುಕೊಂಡು ಹೊರಡುವ ಮುನ್ನಾದಿನ ಕೇಳಿದರು: ಅಲ್ಲಿ ಬತ್ತಲೆ ಮಂದಿಯನ್ನು ಕೂರಿಸಿ ಬರೆಸುತ್ತಾರಂತಲ್ಲ? ಮಾನವ ದೇಹದ ಅಭ್ಯಾಸ ಪಠ್ಯದ ಭಾಗ. ಶುರುವಿನಲ್ಲಿ ತಲೆ, ಕೈಕಾಲು, ಬಟ್ಟೆ ತೊಟ್ಟ ಮಾದರಿ. ಮುಂದೆ ಎಲ್ಲಿವರೆಗೆ ಎಂಬುದು ಕಾಲೇಜಿಗೊಂದು ರೀತಿ. ಇದನ್ನು ಮುಚ್ಚಿಟ್ಟು ಕಳಿಸುವುದಕ್ಕಿಂತ ತಾಯಿಯೇ ಮಗಳ ಎದುರು ಮಾತಾಡಿ ಕಳಿಸಿದ್ದು ಸರಿಹೋಯಿತು. ಇಲ್ಲದಿದ್ದರೆ ಮೊದಲ ಸಲ ಅಂಥ ಶೀಟನ್ನು ರಜೆಗೆ ತಂದಾಗ ಮನೆಯಲ್ಲಿ ರಂಪ.

ದೀಪಾವಳಿಗೆ ಬಂದಾಗ

ಹಾಸ್ಟೆಲ್ ಸಿಕ್ಕಿದ್ದು ಒಂಬತ್ತನೇ ವಾರ. ಪಿಜಿಯ ಎತ್ತಿಟ್ಟ ದುಡ್ಡು ಒಂದು ವಾರಕ್ಕೆ ಸಾಲಲಿಲ್ಲ, ಗೆಳತಿಯ ಕೋಣೆಯಲ್ಲಿ ಕಳೆದಳು. ಸ್ಕಾಲರ್‌ಶಿಪ್ ಇನ್ನೂ ಬಂದಿಲ್ಲ. ಸಾಮಾನಿನ ಖರ್ಚು ಅಂದಾಜು ಮೀರಿ ತಿಂಗಳಿಗೆ 1,400 ಆಗುತ್ತಿದೆ. ಮೀರಿದ್ದು ಕಾಗದದಲ್ಲಿ, ಬಣ್ಣದಲ್ಲಲ್ಲ: ಬೇಡದ ಶೀಟು ಹರಿಯುವ ರೂಢಿ ಹೋಗಿಲ್ಲ, ಹಿಂಬದಿ ಬಳಸು ಎಂದು ಮೇಷ್ಟ್ರು ಹೇಳಿದ್ದಾರಂತೆ. 100 ಶೀಟಿನಲ್ಲಿ ಉಳಿದದ್ದು 22.

ಬ್ಯಾಂಕಿಗೆ ಹೋಗಿ ಮೈನರ್ ಖಾತೆ ಬದಲಿಸಿಕೊಂಡರು, ಮ್ಯಾಪಿಂಗ್ ಅದೇ ಶಾಖೆಗೆ ಇದೆಯೆಂದು ಬರೆಸಿಕೊಂಡರು. ಅರವತ್ತರ ಬಣ್ಣದ ಪೆನ್ಸಿಲ್ ತಮ್ಮನ ಪಾಲಾಯಿತು. ಆಯಿಲ್ ಟ್ಯೂಬುಗಳು ಬಿಚ್ಚದೆ ಕಪಾಟಿನಲ್ಲಿವೆ. ಮುಚ್ಚಳ ಬಿಗಿಯಾಗಿದ್ದರೆ ವರ್ಷಗಟ್ಟಲೆ ಕೆಡುವುದಿಲ್ಲ. ಪೇಂಟಿಂಗ್ ಆರಿಸಿಕೊಂಡರೆ ಒಯ್ಯುತ್ತಾಳೆ. ತಂದೆಗೆ ಅವಳು ಜವಳಿ ವಿನ್ಯಾಸದ ಕಡೆ ತಿರುಗಲಿ ಎಂದಿದೆ, ಬಾಯಿಬಿಟ್ಟು ಹೇಳಿಲ್ಲ. ಬರುವ ಜನವರಿಯ ಗವಿಮಠದ ಜಾತ್ರೆಗೆ ರಜೆ ಸಿಕ್ಕರೆ ನೂರು ಸ್ಕೆಚ್ಚು ಮಾಡಿಕೊಂಡು ಹೋಗುವುದು ಅವಳ ಲೆಕ್ಕ. ಅದಕ್ಕೆ ಪ್ರೆಸ್ಸಿನಿಂದ ಮೂರು ಕಿಲೋ ಕತ್ತರಿ ಕಾಗದ ತಂದಿಡಲು ತಂದೆಗೆ ಹೇಳಿ ಹೋಗಿದ್ದಾಳೆ.